ಡ್ರಿಲ್ ಮೇಷ್ಟ್ರೂ ಮಠದ ಮರಿಯೂ

ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ತೀರ್ಥಪ್ಪನವರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಯಾರಾದರೂ ಪುಂಡ ಹುಡುಗನೊಬ್ಬನ ಕಿವಿ ಹಿಡಿದು ತಂದು ಅವರ ಮುಂದೆ ನಿಲ್ಲಿಸಿದರೆ, ಅವನು ಏನು ಮಾಡಿದ ಎಂದು ಅವರು ಕೇಳುತ್ತಲೇ ಇರಲಿಲ್ಲ. ನಿಮ್ಮ ಮನೆ ಎಲ್ಲಿ ಬರುತ್ತದೆ ಎಂದು ಕೇಳುತ್ತಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಸೈಕಲ್ ಹತ್ತಿ ಆ ಮನೆಗೆ ಹೋಗುವುದು, ಜಗಲಿಯ ಮೇಲೆ ಕೂತು ಕೊಟ್ಟ ಕಾಫಿಯನ್ನೋ ಮಜ್ಜಿಗೆಯನ್ನೋ ಕುಡಿಯುವುದು, ಹುಡುಗನ ವಿಷಯವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿ ಎದ್ದು ಬರುವುದು. ಇಷ್ಟೇ ಅವರ ವಿಚಾರಣೆ. ಮಾರನೆಯ ದಿನ ಹುಡುಗನನ್ನು ಕರೆದು ಏನಾದರೂ ಒಂದು ಕೆಲಸ ಹಚ್ಚುತ್ತಿದ್ದರು, ಇಲ್ಲವೇ ಹೆಡ್ಮಾಸ್ಟರ ಹತ್ತಿರ ಹೋಗಿ ಅವನ ಪರವಾಗಿ ಏನಾದರೂ ಒಂದು ಕೇಳಿಕೊಳ್ಳುತ್ತಿದ್ದರು.

ತರೀಕೆರೆಯಲ್ಲಿದ್ದಾಗ ಹಿಂದಿನ ಬೆಂಚಿನಲ್ಲಿ ಕೂತು ಗೂಬೆಯ ಹಾಗೆ ಕೂಗುವ ಹುಡುಗನೊಬ್ಬನಿದ್ದ. ಎಲ್ಲ ಮೇಷ್ಟ್ರುಗಳೂ ಅವನ ಬೆನ್ನಿಗೆ ಬಾರಿಸಿ ಬಾರಿಸಿ ಸುಸ್ತಾಗಿದ್ದರು. ತೀರ್ಥಪ್ಪನವರು ಅವನ ಮನೆಗೆ ಹೋದ ಸಂಜೆ ಹುಡುಗ ನಡುಮನೆಯಲ್ಲಿಟ್ಟಿದ್ದ ಕೊಡಪಾನವನ್ನು ಎಡವಿ ಬಿದ್ದ. ಅವನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಅಷ್ಟೆ. ಬೋರ್ಡಿನ ಮೇಲೆ ಏನು ಬರೆದಿದ್ದಾರೆ ಎಂದು ಕಾಣದವನು ದಿನವಿಡೀ ಕೂತು ಮಾಡುವುದಾದರೂ ಏನು, ಕೂಗುತ್ತಿದ್ದ. ಬೀರೂರಿನಲ್ಲಿ ರೈಲ್ವೆಯವರ ಮಗಳೊಬ್ಬಳು ಪಕ್ಕದಲ್ಲಿ ಕೂತವರ ಜಡೆ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದಳು. ಅಪ್ಪನಿಗೆ ವರ್ಗವಾದಂತೆಲ್ಲ ಊರು ಬಿಡುವ ಮಗು. ಗೆಳತಿ ಎಂದು ಒಬ್ಬಳಾದರೆ ಮುಂದೆ ಬಿಟ್ಟು ಹೋಗುವಾಗ ಅಳಬೇಕಾಗುತ್ತದಲ್ಲ, ಅದಕ್ಕೆ ಮೊದಲ ದಿನವೇ ಜಗಳ ಮುಗಿಸಿಬಿಡುತ್ತಿದ್ದಳು. ಅದನ್ನು ಅವಳ ತಾಯಿ ಮಜ್ಜಿಗೆ ಬಗ್ಗಿಸುತ್ತ ನಗುನಗುತ್ತ ಹೇಳಿದ್ದು.

ಇಂಥ ಬುದ್ಧಿ ನಿಮಗೆ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ತೀರ್ಥಪ್ಪನವರು ಕೈ ಮುಗಿದು, ಕಲಿಸಿದವರು ಇಬ್ಬರು ಎನ್ನುತ್ತಿದ್ದರು. ಒಬ್ಬರು ಎಪ್ಪತ್ತು ದಾಟಿದ ಗುರುಗಳು. ಇನ್ನೊಬ್ಬ ಅವರ ಸೈಕಲ್ಲಿನ ಗಾಳಿ ಬಿಟ್ಟ ಹುಡುಗ.

ಹುಟ್ಟುವಾಗಲೇ ಅವರು ಹೀಗಿದ್ದರು ಎಂದುಕೊಳ್ಳಬೇಡಿ. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಕೆಲಸಕ್ಕೆ ಸೇರಿದಾಗ ಅವರ ಕೈಯಲ್ಲಿ ಎರಡೇ ವಸ್ತು. ಒಂದು ಸೀಟಿ, ಇನ್ನೊಂದು ಹುಣಸೆ ಬರಲಿನ ಬೆತ್ತ. ಹುಡುಗರು ಕೆಡುವುದಕ್ಕೆ ಏಟು ಸಾಲದಿರುವುದೇ ಕಾರಣ, ಬೇರೇನೂ ಇಲ್ಲ ಎಂಬುದು ಆಗಿನ ಅವರ ಸಿದ್ಧಾಂತ. ಇದನ್ನು ಅವರು ಯಾವ ಟ್ರೈನಿಂಗಿನಲ್ಲೂ ಕಲಿತದ್ದಲ್ಲ. ಚೌಳಹಿರಿಯೂರಿನ ಕಡೆ ಅವರ ಹಳ್ಳಿಯಲ್ಲಿ ಅವರ ಅಪ್ಪ, ಅಪ್ಪನ ಅಪ್ಪ ಎಲ್ಲರೂ ನಂಬಿಕೊಂಡು ಬಂದದ್ದು. ಕೋಪವೂ ಮೂಗಿನ ತುದಿಯಲ್ಲೇ ಇತ್ತು. ಹೆಂಡತಿ ಪ್ರೇಮಮ್ಮ ಮಾತ್ರ ಮಕ್ಕಳಿಗೆ ಹೊಡೆದ ಕೈಯನ್ನು ಊಟಕ್ಕೆ ಕೂರುವ ಮೊದಲು ಸರಿಯಾಗಿ ತೊಳೆದುಕೊಳ್ಳಿ ಎಂದು ದಿನವೂ ಹೇಳುತ್ತಿದ್ದರು. ಮೇಷ್ಟ್ರು ಅದನ್ನು ಶುಚಿಯ ಮಾತೆಂದೇ ತಿಳಿದಿದ್ದರು.

ಆಗ ಅವರಿದ್ದದ್ದು ಅಜ್ಜಂಪುರದಿಂದ ಸ್ವಲ್ಪ ಆಚೆಗಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ. ಊರಿನ ಹೆಸರು ಇಲ್ಲಿ ಬೇಡ. ಹೆಂಚಿನ ಕಟ್ಟಡ, ಮುಂದೆ ದೊಡ್ಡ ಬಯಲು, ಬಯಲಿನ ಅಂಚಿನಲ್ಲಿ ಒಂದು ಹೊಂಗೆ ಮರ. ಗಂಟೆಯ ಬದಲು ರೈಲು ಕಂಬಿಯ ತುಂಡೊಂದನ್ನು ಜೋತುಬಿಟ್ಟು ಕಬ್ಬಿಣದ ಸಲಾಕೆಯಲ್ಲಿ ಬಾರಿಸುತ್ತಿದ್ದರು. ಊರಾಚೆ ಒಂದು ಚಿಕ್ಕ ಮಠ. ತೀರ್ಥಪ್ಪನವರ ವಂಶಕ್ಕೂ ಅದೇ ಮಠ. ಅವರಿಗೆ ಹೆಸರಿಟ್ಟದ್ದು ಆ ಮಠದಲ್ಲಿ, ಅವರ ಮದುವೆಗೆ ಹರಸಿದ್ದು ಆ ಮಠದ ಗುರುಗಳು. ಆ ಕಡೆ ಕೆಲಸ ಸಿಕ್ಕಾಗ ಅವರು ಹಿಗ್ಗಿದ್ದು ಅದಕ್ಕೇ.

ಎಪ್ಪತ್ತಾರರ ಜೂನ್ ತಿಂಗಳಲ್ಲಿ ಮಠದ ಮರಿ ಶಾಲೆಗೆ ಬಂದ. ಮುಂದೆ ಮಠಕ್ಕೆ ಗುರುವಾಗಲೆಂದು ಚಿಕ್ಕಂದಿನಲ್ಲೇ ಆರಿಸಿ ತಂದು ಬೆಳೆಸುವ ಹುಡುಗನಿಗೆ ಈ ಕಡೆ ಮರಿ ಎನ್ನುತ್ತಾರೆ, ಭಕ್ತರ ಬಾಯಲ್ಲಿ ಮರಿದೇವರು. ಈ ಹುಡುಗನ ಹೆಸರು ಮಲ್ಲಿಕಾರ್ಜುನಯ್ಯ. ಸಖರಾಯಪಟ್ಟಣದ ಅಯ್ಯನವರ ಮನೆಯವನು. ಹಾಲು ಕುಡಿಯುವ ಕೂಸಾಗಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದನಂತೆ. ಈ ಕೂಸು ಉಳಿದರೆ ಮಠಕ್ಕೆ ಬಿಡುತ್ತೇನೆ ಎಂದು ತಾಯಿ ಕರಿಬಸಮ್ಮ ಹರಕೆ ಹೊತ್ತಳು. ಕೂಸು ಉಳಿಯಿತು. ಎಂಟು ತುಂಬಿದ ಮೇಲೆ ತಂದು ಬಿಟ್ಟಳು. ಈಗ ಅವನಿಗೆ ಹದಿನಾಲ್ಕು. ಬರುವ ಬಸವ ಜಯಂತಿಯ ದಿನ ಪಟ್ಟ ಕಟ್ಟುವುದೆಂದು ನಿಶ್ಚಯವಾಗಿತ್ತು. ಪಟ್ಟವಾದರೆ ಮುಗಿಯಿತು, ಆಮೇಲೆ ಅವನಿಗೆ ಮನೆಯಿಲ್ಲ, ತಂದೆ ತಾಯಿಯಿಲ್ಲ, ಹಿಂದಕ್ಕೆ ಬರುವ ದಾರಿಯೂ ಇಲ್ಲ. ಅಲ್ಲಿಯವರೆಗೆ ನಾಲ್ಕಕ್ಷರ ಇಂಗ್ಲಿಷ್ ಕಲಿಯಲಿ, ಇಂಗ್ಲಿಷ್ ಬಾರದ ಸ್ವಾಮಿಯನ್ನು ನಾಳೆ ಕಚೇರಿಯ ಜವಾನನೂ ಮಾತಾಡಿಸುವುದಿಲ್ಲ ಎಂದು ಹಿರಿಯ ಗುರುಗಳೇ ಶಾಲೆಗೆ ಕಳಿಸಿದ್ದರು.

ಮಠದ ಆಡಳಿತ ನೋಡಿಕೊಳ್ಳುತ್ತಿದ್ದ ಪಂಚಾಕ್ಷರಪ್ಪ ಹುಡುಗನನ್ನು ಕರೆತಂದ ದಿನ ಹೆಡ್ಮಾಸ್ಟರು ಕುರ್ಚಿ ಬಿಟ್ಟು ಎದ್ದರು. ಅವರು ಎದ್ದದ್ದು ನೋಡಿ ಮಿಕ್ಕವರೂ ಎದ್ದರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಕಾವಿ ಶಲ್ಯ, ತೆಳ್ಳಗಿನ ಹುಡುಗ. ತೀರ್ಥಪ್ಪನವರು ಸೀದಾ ಹೋಗಿ ಕಾಲು ಮುಟ್ಟಿ ನಮಸ್ಕರಿಸಿದರು. ಹುಡುಗ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ. ಎಂಥ ವಿನಯ ಎಂದುಕೊಂಡರು ಮೇಷ್ಟ್ರು.

ಆವತ್ತಿನಿಂದ ಎಂಟನೇ ಕ್ಲಾಸಿನಲ್ಲಿ ಬೆಂಚುಗಳ ಪಕ್ಕಕ್ಕೆ ಒಂದು ಕುರ್ಚಿ ಬಂತು, ಕುರ್ಚಿಯ ಮೇಲೆ ಒಂದು ಮಡಿ ವಸ್ತ್ರ. ಹಾಜರಿ ಕೂಗುವಾಗ ಎಲ್ಲರಿಗೂ ನಂಬರು, ಅವನಿಗೆ ಮಾತ್ರ ಸ್ವಾಮಿಗಳನ್ನು ಕರೆಯುವ ಹಾಗೆ ಬುದ್ಧಿಯವರು. ಲೆಕ್ಕ ತಪ್ಪಿದವರ ಬೆರಳಿನ ಗೆಣ್ಣಿಗೆ ಸ್ಕೇಲಿನಲ್ಲಿ ಬಾರಿಸುವ ಲೆಕ್ಕದ ಮೇಷ್ಟ್ರು ಇವನ ಮುಂದೆ ಬಂದು, ಬುದ್ಧಿಯವರು ಬೇರೆ ದಾರಿಯಲ್ಲಿ ಹೋಗಿದ್ದೀರಿ ಎನ್ನುತ್ತಿದ್ದರು. ಪಕ್ಕದಲ್ಲಿ ಯಾವ ಹುಡುಗನೂ ಕೂರುವ ಹಾಗಿಲ್ಲ. ಪೆನ್ಸಿಲ್ ಕೇಳಿದರೆ ಎದ್ದು ನಿಂತು ಎರಡು ಕೈಯಲ್ಲಿ ಕೊಡುತ್ತಿದ್ದರು.

ಒಂದು ದಿನ ಡ್ರಿಲ್ ಪಿರಿಯಡ್ಡಿನಲ್ಲಿ ಹುಡುಗ ಶಲ್ಯವನ್ನು ಸೊಂಟಕ್ಕೆ ಬಿಗಿದು ಕಬಡ್ಡಿಗೆ ಇಳಿದ. ಕಬಡ್ಡಿ ಕಬಡ್ಡಿ ಎಂದು ಉಸಿರು ಕಟ್ಟಿ ಎದುರಾಳಿಗಳ ಕಡೆಗೆ ನುಗ್ಗಿದ. ಮರಿದೇವರ ಕಾಲು ಹಿಡಿದು ಎಳೆಯುವ ಎದೆಗಾರಿಕೆ ಯಾರಿಗಿದೆ? ಹುಡುಗರೆಲ್ಲ ಕೈಕಟ್ಟಿಕೊಂಡು ಅತ್ತಿತ್ತ ಸರಿದು ದಾರಿ ಬಿಟ್ಟರು. ಅವನು ಒಬ್ಬೊಬ್ಬರನ್ನಾಗಿ ಮುಟ್ಟಿ, ಎಲ್ಲರನ್ನೂ ಔಟ್ ಮಾಡಿ, ಗೆರೆ ದಾಟಿ ಈಚೆ ಬಂದು ನಿಂತ. ಯಾರೋ ಚಪ್ಪಾಳೆಯನ್ನೂ ಹೊಡೆದರು. ಅವನ ಮುಖ ಮಾತ್ರ ಅಳುವವನ ಮುಖವಾಗಿತ್ತು. ತೀರ್ಥಪ್ಪನವರು ಓಡಿ ಬಂದು, ಧೂಳು ಬುದ್ಧಿ, ನಿಮಗೆ ಇದೆಲ್ಲ ತಕ್ಕುದಲ್ಲ ಎಂದು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿ ಕೂರಿಸಿದರು. ಅಲ್ಲಿಂದ ಮುಂದೆ ಡ್ರಿಲ್ ಪಿರಿಯಡ್ಡಿಡೀ ಅವನು ಅಲ್ಲೇ ಕೂತಿರಬೇಕಾಯಿತು. ಭಕ್ತಿಯಿಂದ ತಾನು ಮಾಡಿದ ಸೇವೆ ಇದು ಎಂದು ಮೇಷ್ಟ್ರು ಮನೆಗೆ ಬಂದು ಪ್ರೇಮಮ್ಮನ ಹತ್ತಿರ ಹೇಳಿಕೊಂಡರು. ಅಷ್ಟೊತ್ತು ಒಬ್ಬನೇ ಕೂತು ಆ ಮಗು ಏನು ಮಾಡುತ್ತೆ ಎಂದು ಪ್ರೇಮಮ್ಮ ಕೇಳಿದರು. ಮೇಷ್ಟ್ರು, ಧ್ಯಾನ ಮಾಡಬಹುದು ಎಂದರು.

ದಸರಾ ರಜೆ ಮುಗಿದ ಮೇಲೆ ಶಾಲೆಯಲ್ಲಿ ಕಾಟ ಶುರುವಾಯಿತು. ಗಂಟೆ ಬಾರಿಸುವ ಸಲಾಕೆ ಮಾಯವಾಗಿ ಇಡೀ ಶಾಲೆಗೆ ಹೊತ್ತು ತಿಳಿಯದಂತಾಯಿತು. ಕುಡಿಯುವ ನೀರಿನ ಹಂಡೆಯಲ್ಲಿ ಸೀಮೆಸುಣ್ಣ ಕರಗಿ ನೀರು ಹಾಲಾಯಿತು. ಭೂಪಟ ಬಿಡಿಸಿದರೆ ಒಳಗಿಂದ ಓತಿಕ್ಯಾತ ಹಾರಿತು. ವಾಲಿಬಾಲ್ ನೆಟ್ಟನ್ನು ಯಾರೋ ನಡುವಿಗೆ ಕತ್ತರಿಸಿದರು. ಕೊನೆಗೆ ದಿನ ಬಿಟ್ಟು ದಿನ ಡ್ರಿಲ್ ಮೇಷ್ಟ್ರ ಸೈಕಲ್ಲಿನ ಗಾಳಿ ಹೋಗತೊಡಗಿತು.

ಗುಮಾನಿ ಸೀದಾ ಕೆಂಚಪ್ಪನ ಮೇಲೆ ಹೋಯಿತು. ಹತ್ತಿರದ ಹಳ್ಳಿಯ ರೈತರ ಮಗ, ಗಟ್ಟಿಮುಟ್ಟಾದ ಆಳು, ಪೇರಲೆ ಕದಿಯುವುದರಲ್ಲಿ ಈಗಾಗಲೇ ಹೆಸರು ಮಾಡಿದ್ದವನು. ಅವನು ನಾನಲ್ಲ ಸಾ, ನಾನಲ್ಲ ಸಾ ಎನ್ನುತ್ತಲೇ ಇದ್ದ, ಹುಣಸೆ ಬರಲು ತನ್ನ ಕೆಲಸ ಮಾಡುತ್ತಲೇ ಇತ್ತು.

ಇಲ್ಲಿ ನಡೆದದ್ದು ನೋಡಿ. ಕೆಂಚಪ್ಪನಿಗೆ ಏಟು ಬೀಳುತ್ತಿದ್ದಾಗ ಮರಿ ಕುರ್ಚಿಯಿಂದ ಎದ್ದು ಬಂದು, ನೆಟ್ ಕತ್ತರಿಸಿದ್ದು ನಾನು ಎಂದು ಎಲ್ಲರೆದುರಿಗೆ ಹೇಳಿದ. ತೀರ್ಥಪ್ಪನವರ ಕೈಯಲ್ಲಿದ್ದ ಬರಲು ಹಾಗೇ ನಿಂತಿತು, ಕಣ್ಣಲ್ಲಿ ನೀರು ಬಂತು. ಒಬ್ಬ ಪುಂಡ ಮಾಡಿದ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುವುದೆಂದರೆ! ಅವರು ಅಲ್ಲೇ ಮಂಡಿಯೂರಿ, ನಿಮ್ಮದು ದೊಡ್ಡ ಮನಸ್ಸು ಬುದ್ಧಿ ಎಂದರು. ಹುಡುಗ ಕಾಲು ನೆಲಕ್ಕೆ ಬಡಿದು, ನಿಜವಾಗಲೂ ನಾನೇ ಎಂದ. ಅವರು ಇನ್ನಷ್ಟು ಬಾಗಿದರು. ಮಾರನೆಯ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್ಮಾಸ್ಟರು ಇದನ್ನೇ ದೊಡ್ಡ ಭಾಷಣ ಮಾಡಿದರು. ಸುದ್ದಿ ಊರಿಗೆ ಹರಡಿ, ಶಾಲೆ ಬಿಡುವ ಹೊತ್ತಿಗೆ ಹೆಂಗಸರು ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಒಂದು ಸೋಮವಾರ ಕರಿಬಸಮ್ಮನೂ ಸಖರಾಯಪಟ್ಟಣದಿಂದ ಬಸ್ಸಿಗೆ ಬಂದಳು. ಮಗನನ್ನು ಮುಟ್ಟಲಿಲ್ಲ, ದೂರದಿಂದಲೇ ನೆಲಕ್ಕೆ ಹಣೆ ಹಚ್ಚಿ, ಚೆನ್ನಾಗಿದೀರಾ ಬುದ್ಧಿ ಎಂದು ಕೇಳಿ ಹೋದಳು. ಅದಾದ ಮಾರನೆಯ ದಿನ ಹೆಡ್ಮಾಸ್ಟರ ಕೋಣೆಯ ಎರಡು ಗಾಜು ಒಡೆದವು. ಕೆಂಚಪ್ಪನಿಗೆ ಮತ್ತೆ ಬಿತ್ತು.

ಮಾಘ ಮಾಸದ ಒಂದು ಮಧ್ಯಾಹ್ನ. ಹುಡುಗರನ್ನು ಲೈನಿನಲ್ಲಿ ನಿಲ್ಲಿಸಿ ಬಂದ ತೀರ್ಥಪ್ಪನವರು ಮರೆತ ಸೀಟಿಗಾಗಿ ಶಾಲೆಯ ಹಿಂಬದಿಯಿಂದ ಹೋಗುತ್ತಿದ್ದರು. ಗೋಡೆಗೆ ಒರಗಿಸಿದ ತಮ್ಮ ಸೈಕಲ್ಲಿನ ಹತ್ತಿರ ಕಾವಿ ಬಣ್ಣ ಕಂಡಿತು. ಮರಿದೇವರು ಕುಕ್ಕುರುಗಾಲಲ್ಲಿ ಕೂತು ಚಕ್ರದ ವಾಲ್ವನ್ನು ತಿರುಗಿಸುತ್ತಿದ್ದರು. ಗಾಳಿ ಸುಯ್ ಎಂದು ಹೋಯಿತು.

ಮೇಷ್ಟ್ರು ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟರು. ಹುಡುಗ ತಲೆಯೆತ್ತಿ ನೋಡಿದ. ಓಡಲಿಲ್ಲ. ಎದ್ದು ನಿಂತು, ಬಲಗೈಯನ್ನು ಮುಂದಕ್ಕೆ ಚಾಚಿ, ಅಂಗೈ ಮೇಲೆ ಮಾಡಿ ಹಿಡಿದ. ಕೆಂಚಪ್ಪ ದಿನಾ ಹಿಡಿಯುತ್ತಿದ್ದನಲ್ಲ, ಹಾಗೆ. ತೀರ್ಥಪ್ಪನವರಿಗೆ ಅಭ್ಯಾಸಬಲದಿಂದ ಬೆನ್ನು ಬಾಗತೊಡಗಿತು. ಅದನ್ನು ಕಂಡು ಹುಡುಗ ಗೊಳೋ ಎಂದು ಅತ್ತ.

"ಕೈ ಮುಗೀಬ್ಯಾಡ್ರಿ ಸಾ. ಒಂದೇ ಒಂದ್ಸಲ ಹೊಡೀರಿ. ಕೆಂಚನಿಗೆ ಹೊಡೆದಂಗೆ."

 ಹುಡುಗ ಬಿಕ್ಕುತ್ತಲೇ ಎಲ್ಲ ಹೇಳಿದ. ಕೆಟ್ಟ ಹುಡುಗ ಎಂದು ಗೊತ್ತಾದರೆ ಮಠದವರು ಬೇಡವೆಂದು ಮನೆಗೆ ಕಳಿಸುತ್ತಾರೆ ಎಂದುಕೊಂಡಿದ್ದನಂತೆ. ಅದಕ್ಕೇ ಸಲಾಕೆ, ಅದಕ್ಕೇ ಓತಿಕ್ಯಾತ, ಅದಕ್ಕೇ ಗಾಜು. ಮಾಡಿದ್ದನ್ನು ತಾನೇ ಒಪ್ಪಿಕೊಂಡರೂ ಯಾರೂ ನಂಬಲಿಲ್ಲ. ಬಸವ ಜಯಂತಿ ಹತ್ತಿರ ಬರುತ್ತಿತ್ತು.

"ನಂಗೆ ಮಠ ಬ್ಯಾಡ ಅಂತ ಯಾರಿಗೆ ಹೇಳ್ಲಿ ಸಾ? ಏನು ಹೇಳಿದ್ರೂ ಎಲ್ಲಾ ಕಾಲಿಗೆ ಬೀಳ್ತಾರೆ."

 ಎಂಟು ತಿಂಗಳಿಂದ ಒಂದು ಮಗು ಕಣ್ಣೆದುರಿಗೆ ಕೂಗಿ ಕೂಗಿ ಹೇಳುತ್ತಿತ್ತು, ತೀರ್ಥಪ್ಪನವರು ಪ್ರತಿ ಸಲವೂ ಹೂವು ಏರಿಸಿದ್ದರು. ಹೊಡೆಯಲು ಅವರಿಗೆ ಕೈ ಬರಲಿಲ್ಲ. ಆವತ್ತು ಮಾತ್ರವಲ್ಲ, ಆಮೇಲೆ ಯಾರ ಮೇಲೂ ಬರಲಿಲ್ಲ. ಅವರು ಅವನ ಹೆಗಲಿನ ಶಲ್ಯ ತೆಗೆದು ಸೈಕಲ್ಲಿನ ಹ್ಯಾಂಡಲಿಗೆ ಹಾಕಿದರು.  ಆಮೇಲೆ ಆಡಿದ್ದು ಜೀವಮಾನದಲ್ಲೇ ಅತ್ಯಂತ ಕಷ್ಟದ ಮಾತು ಎಂದು ಮುಂದೆ ಪ್ರೇಮಮ್ಮನ ಹತ್ತಿರ ಹೇಳಿದರಂತೆ.

"ಲೇ ಮಲ್ಲಾ, ಡ್ರಿಲ್ ಬಿಟ್ಟು ಇಲ್ಲೇನೋ ಮಾಡ್ತಿದೀಯಾ? ಹೋಗು, ಲೈನಲ್ಲಿ ನಿಲ್ಲು."

ಹುಡುಗ ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನೋಡಿ, ಕಣ್ಣೊರೆಸಿಕೊಂಡು ಓಟ ಕಿತ್ತ. ಮೇಷ್ಟ್ರು ಹಿಂದೆಯೇ ಹೋಗಿ ಕಬಡ್ಡಿ ಎಂದು ಸೀಟಿ ಊದಿದರು. ಕೆಂಚಪ್ಪನನ್ನು ಹತ್ತಿರ ಕರೆದು, ಇವನು ಬಂದರೆ ಕಾಲು ಹಿಡಿದು ಕೆಡವು, ಬಿಟ್ಟರೆ ನಿನ್ನನ್ನು ವಿಚಾರಿಸಿಕೊಳ್ಳುತ್ತೇನೆ ಎಂದರು. ಕೆಂಚಪ್ಪ ಹಿಂದೆಮುಂದೆ ನೋಡಿದ. ಆದರೆ ಮಲ್ಲ ಉಸಿರು ಕಟ್ಟಿ ನುಗ್ಗಿ ಬಂದಾಗ ಆಟಗಾರನ ಕೈ ತಡೆಯಲಿಲ್ಲ. ಕಾಲಿಗೆ ಜೋತುಬಿದ್ದ. ಮಿಕ್ಕವರೂ ಮೇಲೆ ಬಿದ್ದರು. ಧೂಳು ಎದ್ದಿತು. ಧೂಳಿನೊಳಗಿಂದ ನಗು ಕೇಳಿಸಿತು, ಮರಿದೇವರು ನಗುವುದನ್ನು ಆ ಶಾಲೆ ಕೇಳಿದ್ದು ಅದೇ ಮೊದಲು.

ಆಟ ಮುಗಿದ ಮೇಲೆ ತೀರ್ಥಪ್ಪನವರು ಕೆಂಚಪ್ಪನನ್ನು ಪಕ್ಕಕ್ಕೆ ಕರೆದು, ನನ್ನಿಂದ ತಪ್ಪಾಯಿತಪ್ಪ ಎಂದರು. ಯಾರು ಮಾಡುತ್ತಿದ್ದದ್ದು ಎಂದು ಅವನಿಗೆ ಮೊದಲಿಂದಲೂ ಗೊತ್ತಿತ್ತಂತೆ. ಹೇಳಿದರೆ ಇನ್ನೆರಡು ಹೆಚ್ಚು ಬೀಳುತ್ತದೆ ಎಂದು ಸುಮ್ಮನಿದ್ದನಂತೆ.

"ಹೋಗ್ಲಿ ಬುಡಿ ಸಾ. ನಾನು ಮಾಡಿ ಸಿಕ್ಕಾಕ್ಕೊಳ್ದೇ ಇದ್ದಿದ್ದು ಬೇಕಾದಷ್ಟಿತ್ತು. ಅದುಕ್ಕೆ ಇದು ಸರಿಹೋಯ್ತು."

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮರಿಯನ್ನು ಕರೆದೊಯ್ಯಲು ಬಂದಿದ್ದ ಪಂಚಾಕ್ಷರಪ್ಪ ಬಯಲಿನ ಅಂಚಿನಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಮರಿದೇವರು ಮಣ್ಣಿನಲ್ಲಿ, ಮರಿದೇವರ ಬೆನ್ನಿನ ಮೇಲೆ ರೈತರ ಹುಡುಗ, ಪವಿತ್ರವಾದ ಶಲ್ಯ ಸೈಕಲ್ಲಿನ ಮೇಲೆ. ಅವರು ಹುಡುಗನ ಕೈ ಹಿಡಿದುಕೊಂಡು ನಡೆದರು. ಸಂಜೆಯ ಹೊತ್ತಿಗೆ ಊರಿಗೆ ಊರೇ ಬುಸುಗುಟ್ಟುತ್ತಿತ್ತು. ಹೆಡ್ಮಾಸ್ಟರು ಮನೆಗೇ ಬಂದು, ಹೋಗಿ ಗುರುಗಳ ಕಾಲು ಹಿಡಿದುಕೊಳ್ಳಿ, ಇಲ್ಲದಿದ್ದರೆ ಮೇಲಿನವರಿಗೆ ದೂರು ಹೋಗುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಭಾನುವಾರ ಬೆಳಿಗ್ಗೆ ಬರಬೇಕೆಂದು ಮಠದಿಂದ ಹೇಳಿಕೆ ಬಂತು. ತಾಯಿ ಕರಿಬಸಮ್ಮನಿಗೂ ಹೇಳಿ ಕಳಿಸಿದ್ದರು.

ತೀರ್ಥಪ್ಪನವರಿಗೆ ಕೆಲಸದ ಚಿಂತೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಅದಕ್ಕಿಂತ ಹೆಚ್ಚಾಗಿ, ತನಗೆ ಹೆಸರಿಟ್ಟ ಗುರುಗಳ ಎದುರು ನಿಂತು ನಿಮ್ಮ ಮರಿಗೆ ನಿಮ್ಮ ಮಠ ಬೇಡ ಎಂದು ಹೇಳುವುದು ಹೇಗೆಂಬ ಚಿಂತೆ ಕಾಡುತ್ತಿತ್ತು. ಆಟ ಆಡಿಸಿದ್ದು ತಪ್ಪಾಯಿತೆಂದು ಅಡ್ಡಬಿದ್ದು ಬಂದರೆ ತನ್ನ ಕೆಲಸ ಉಳಿಯುತ್ತದೆ, ಹುಡುಗ ಮಠದ ಪಾಲಾಗುತ್ತಾನೆ. ಪ್ರೇಮಮ್ಮ ಅವರಿಗೆ ಒಗೆದ ಪಂಚೆ ತಂದು ಕೊಟ್ಟರು.

"ಆ ಮಗು ಹೇಳಬೇಕು ಅಂತ ಹುಡುಕಿದ್ದು ನಿಮ್ಮನ್ನೇ ಕಣ್ರೀ. ಬೇರೆ ಮೇಷ್ಟ್ರ ಸೈಕಲ್ಲಿಗೆ ಕೈ ಹಾಕ್ಲಿಲ್ಲ. ಹೋಗಿ ಹೇಳ್ಬಿಟ್ಟು ಬನ್ನಿ."

ಮಠದ ಪಡಸಾಲೆಯಲ್ಲಿ ಗುರುಗಳು ಗದ್ದುಗೆಯ ಕೆಳಗೆ ಕಂಬಳಿಯ ಮೇಲೆ ಕೂತಿದ್ದರು. ಮಂಡಿನೋವಿನ ಕಾಲನ್ನು ನೀಡಿಕೊಂಡಿದ್ದರು. ಒಂದು ಕಂಬದ ಪಕ್ಕ ಮರಿ, ದೂರದ ಇನ್ನೊಂದು ಕಂಬದ ಪಕ್ಕ ಅವನ ತಾಯಿ. ಪಂಚಾಕ್ಷರಪ್ಪ ನಡೆದದ್ದನ್ನೆಲ್ಲ ಹೇಳಿದರು, ಸ್ವಲ್ಪ ಸೇರಿಸಿಯೇ ಹೇಳಿದರು. ಗುರುಗಳು ತೀರ್ಥಪ್ಪನವರ ಕಡೆ ತಿರುಗಿ, ಏನಪ್ಪಾ ಇದು, ನೀನು ಮನೆಯವನಲ್ಲವೇ ಎಂದು ಮಾತ್ರ ಕೇಳಿದರು. ಆ ಮೃದು ಮಾತಿಗೆ ಮೇಷ್ಟ್ರ ಧೈರ್ಯ ಅರ್ಧ ಉಡುಗಿತು. ಆದರೂ ಹೇಳಿದರು. ಕುರ್ಚಿ ಹಾಕಿಸಿದ್ದು, ಕೆಂಚಪ್ಪನನ್ನು ಬಡಿದದ್ದು, ಹುಡುಗ ಒಪ್ಪಿಕೊಂಡರೂ ನಂಬದೆ ಕಾಲಿಗೆ ಬಿದ್ದದ್ದು, ಅವನು ಕೈ ಚಾಚಿ ಏಟು ಬೇಡಿದ್ದು, ಒಂದನ್ನೂ ಬಿಡದೆ ಹೇಳಿದರು. ಕೊನೆಗೆ, ಹುಡುಗ ಕೆಟ್ಟವನಲ್ಲ ಬುದ್ಧಿ, ಮನೆಗೆ ಹೋಗಬೇಕು ಎನ್ನುವುದನ್ನು ನಮಗೆ ತಿಳಿಯುವ ಹಾಗೆ ಹೇಳಲು ಅವನಿಗೆ ಬೇರೆ ದಾರಿ ಸಿಗಲಿಲ್ಲ ಎಂದು ನೆಲಕ್ಕೆ ತಲೆ ಹಚ್ಚಿದರು.

ಗುರುಗಳು ಮರಿಯನ್ನು ನೋಡಿ, ಹೌದೇನಪ್ಪ ಎಂದರು. ಹುಡುಗ ಕಂಬವನ್ನು ತಬ್ಬಿಕೊಂಡು ಹೌದೆಂದು ತಲೆಯಾಡಿಸಿದ. ಆಗ ಚೀರಿದ್ದು ಕರಿಬಸಮ್ಮ. ಮಠದವರು ಬಯ್ಯುತ್ತಾರೆಂಬ ಭಯ ಅವಳಿಗಿರಲಿಲ್ಲ. ಅವಳ ಭಯವೇ ಬೇರೆ.

"ಬ್ಯಾಡಿ ಬುದ್ಧಿ. ಕೊಟ್ಟಿದ್ದನ್ನ ವಾಪಸ್ ಇಸ್ಕಂಡ್ರೆ ನನ್ನ ಕೂಸು ಉಳಿಯಾಕಿಲ್ಲ. ಇಲ್ಲೇ ಇರ್ಲಿ, ನನ್ನ ಕಣ್ಣಿಗೆ ಕಾಣ್ದಿದ್ರೂ ಚಿಂತಿಲ್ಲ, ಬದುಕಿರ್ಲಿ."

 ಇದನ್ನು ತೀರ್ಥಪ್ಪನವರು ಯೋಚಿಸಿಯೇ ಇರಲಿಲ್ಲ. ಗುರುಗಳು ಬಿಟ್ಟುಕೊಟ್ಟರೂ ತಾಯಿ ಕರೆದುಕೊಂಡು ಹೋಗುವ ಹಾಗಿಲ್ಲ. ಆರು ವರ್ಷ ಮಗನಿಂದ ದೂರ ನಿಂತು ಅವಳು ಮಾಡಿದ್ದು ಬರೀ ಭಕ್ತಿಯೆಂದು ಊರು ತಿಳಿದಿತ್ತು. ಅವಳು ದಿನದಿನವೂ ಮಗನ ಉಸಿರನ್ನು ಕಾಯುತ್ತಿದ್ದಳು.

 ಗುರುಗಳಿಗೂ ಕಷ್ಟವಿತ್ತು. ಈ ಮರಿ ಹೋದರೆ ಮಠಕ್ಕೆ ದಿಕ್ಕಿಲ್ಲ, ಇನ್ನೊಬ್ಬನನ್ನು ಬೆಳೆಸಲು ಅವರಿಗೆ ಆಯುಸ್ಸಿದೆಯೋ ಇಲ್ಲವೋ. ಹುಡುಗನಿಗೆ ಅಕ್ಷರ ತಿದ್ದಿಸಿದ್ದು, ಜ್ವರ ಬಂದರೆ ಹಣೆಗೆ ವಿಭೂತಿ ಹಚ್ಚಿ ಪಕ್ಕದಲ್ಲಿ ಕೂತದ್ದು ಅವರೇ. ಪ್ರಸಾದ ಮಾಡಿಕೊಂಡು ಇರಿ, ಪೂಜೆ ಮುಗಿಸಿ ಬರುತ್ತೇನೆ ಎಂದು ಗೋಡೆ ಹಿಡಿದು ಎದ್ದು ಒಳಗೆ ಹೋದರು. ಪಂಕ್ತಿಯಲ್ಲಿ ಅನ್ನ ಬಡಿಸಿದರು.  ಹುಡುಗನೂ ತಾಯಿಯೂ ಎಲೆಯ ಮುಂದೆ ಸುಮ್ಮನೆ ಕೂತಿದ್ದರು.

ಮಧ್ಯಾಹ್ನ ತಿರುಗಿದ ಮೇಲೆ ಗುರುಗಳು ಪೂಜೆಯ ತಟ್ಟೆ ಹಿಡಿದು ಹೊರಗೆ ಬಂದರು. ಕರಿಬಸಮ್ಮನನ್ನು ಕರೆದರು.

"ಸೆರಗು ಒಡ್ಡು ತಾಯಿ."

ಅವಳು ಮಂಡಿಯೂರಿ ಸೆರಗು ಒಡ್ಡಿದಳು. ಅವರು ಅದರಲ್ಲಿ ಒಂದು ಹೋಳು ತೆಂಗಿನಕಾಯಿ, ಒಂದು ಬಾಳೆಹಣ್ಣು, ಬಿಲ್ವಪತ್ರೆ ಹಾಕಿದರು. ಆಮೇಲೆ ಮರಿಯನ್ನು ಹತ್ತಿರ ಕರೆದು, ಹೆಗಲಿನ ಶಲ್ಯವನ್ನು ತಾವೇ ತೆಗೆದು ಮಡಿಸಿ ಪಕ್ಕಕ್ಕಿಟ್ಟು, ಅವನ ಬಲಗೈ ಹಿಡಿದು ಅದೇ ಸೆರಗಿನಲ್ಲಿಟ್ಟರು.

"ನೀನು ಕೊಟ್ಟಿದ್ದು ಮಠಕ್ಕೆ ಬಂತು. ನಿನ್ನ ಹರಕೆ ತೀರ್ತು. ಈಗ ಮಠ ಕೊಡ್ತಾ ಐತೆ, ಇದೂ ಪ್ರಸಾದ. ಪ್ರಸಾದ ಬ್ಯಾಡ ಅನ್ಬಾರ್ದು ತಾಯಿ."

 ಮಠದಲ್ಲಿ ಕೊಟ್ಟ ಪ್ರಸಾದವನ್ನು ಬೇಡವೆಂದವರು ಆ ಸೀಮೆಯಲ್ಲಿ ಇಲ್ಲ. ಕರಿಬಸಮ್ಮ ಸೆರಗಿನಲ್ಲಿದ್ದ ಆ ಕೈಯನ್ನೇ ನೋಡುತ್ತಿದ್ದಳು. ಮೊದಲು ಬಟ್ಟೆಯ ಸಮೇತ ಹಿಡಿದಳು, ಆಮೇಲೆ ಗಟ್ಟಿಯಾಗಿ ಎದೆಗೆ ಒತ್ತಿಕೊಂಡಳು. ಹುಡುಗ ಅವಳ ಕುತ್ತಿಗೆಗೆ ಜೋತುಬಿದ್ದ. ಅವಳ ಅಳು ನಿಂತದ್ದು ಅವನ ಮೊಣಕೈ ಕಣ್ಣಿಗೆ ಬಿದ್ದಾಗ. ಕಬಡ್ಡಿಯಲ್ಲಿ ತರಚಿ ರಕ್ತ ಒಣಗಿತ್ತು.

"ಏನೋ ಇದು? ಯಾವನೋ ನಿನ್ನ ಕೆಡವಿದೋನು?" ಎಂದು ಗದರಿದಳು.

ಆರು ವರ್ಷದಲ್ಲಿ ತಾಯಿಯಿಂದ ಅವನಿಗೆ ಬಿದ್ದ ಮೊದಲ ಬೈಗುಳ ಅದು. ಅವನು ಕಣ್ಣೀರಿನ ನಡುವೆಯೇ ಕಿಸಕ್ಕೆಂದು ನಕ್ಕ.

ಮುಂದೆ ಅವನು ದೊಡ್ಡ ಸಾಧಕನೇನೂ ಆಗಲಿಲ್ಲ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿ, ಕಡೂರಿನಲ್ಲಿ ಕರೆಂಟಿನ ಲೈನ್‌ಮನ್ ಆಗಿ, ಮದುವೆಯಾಗಿ, ಮಳೆಗಾಲದಲ್ಲಿ ಕಂಬ ಹತ್ತುತ್ತ ಊರವರ ಬಾಯಿಗೆ ಬೈಸಿಕೊಳ್ಳುತ್ತ ಇದ್ದ. ವರ್ಷಕ್ಕೊಮ್ಮೆ ಮಠಕ್ಕೆ ಹೋಗಿ ಪಂಕ್ತಿಯಲ್ಲಿ ಬಡಿಸಿ ಬರುತ್ತಿದ್ದ, ಯಾರೂ ಹೇಳಿದ್ದಲ್ಲ. ತೀರ್ಥಪ್ಪನವರು ತೊಂಬತ್ತೊಂಬತ್ತರಲ್ಲಿ ಕಡೂರಿನಿಂದಲೇ ನಿವೃತ್ತರಾದಾಗ ಹಾರ ಹಿಡಿದು ಬಂದವರಲ್ಲಿ ಅವನೂ ಇದ್ದ, ಕೆಂಚಪ್ಪನೂ ಇದ್ದ. ಆ ಹುಡುಗ ಕೈ ಚಾಚದೆ ಹೋಗಿದ್ದರೆ ಇನ್ನೆಷ್ಟು ಮಕ್ಕಳ ಮೇಲೆ ಬರಲು ಮುರಿಯುತ್ತಿದ್ದೆನೋ ಎಂದು ಮೇಷ್ಟ್ರು ತುಂಬಿದ ಸಭೆಯಲ್ಲಿ ಹೇಳಿ, ಅವನಿಗೆ ತಾನು ಋಣಿ ಎಂದರು.

ಅದೆಲ್ಲ ಆಮೇಲಿನ ಮಾತು. ಆ ಭಾನುವಾರ ತಾಯಿ ಮಗ ಸಖರಾಯಪಟ್ಟಣದ ಬಸ್ಸಿಗೆಂದು ಹೊರಟುಹೋದ ಮೇಲೆ ಪಡಸಾಲೆಯಲ್ಲಿ ಗುರುಗಳೂ ಮೇಷ್ಟ್ರೂ ಮಾತ್ರ ಉಳಿದರು. ಗುರುಗಳು ಮಡಿಸಿಟ್ಟ ಶಲ್ಯವನ್ನು ತೊಡೆಯ ಮೇಲಿಟ್ಟುಕೊಂಡು, ಹುಡುಗ ಹೋದ ಬಾಗಿಲನ್ನೇ ನೋಡುತ್ತ ಕೂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ತೀರ್ಥಪ್ಪನವರಿಗೆ ತಾವು ಏನೋ ದೊಡ್ಡದನ್ನು ಈ ಮುದುಕರಿಂದ ಕಿತ್ತುಕೊಂಡಂತೆ ಅನ್ನಿಸಿ ಸಂಕಟವಾಯಿತು. ಮಠಕ್ಕೆ ಮುಂದೆ ಯಾರು ಬುದ್ಧಿ ಎಂದು ಮೆಲ್ಲಗೆ ಕೇಳಿದರು.

"ಹುಡುಕಾನ ಬಿಡಪ್ಪ," ಎಂದರು ಗುರುಗಳು. "ಈ ಸಲ ಹುಡುಗನ್ನೂ ಒಂದು ಮಾತು ಕೇಳಾನ."